ಬಾಲವಿದ್ದಷ್ಟು ಹಾಸಿಗೆ

ಮಾರ್ಚ್ ತಿಂಗಳ ಒಂದು ಮಂಗಳವಾರ
ಗುನ್‌ವೋರ್ ಮುದುಕಿ ನನ್ನ ಅಂಗಡಿಗೆ ಬಂದಳು,
ಕಾಲಲ್ಲಿ ರಬ್ಬರ್ ಬೂಟು, ಕಂಕುಳಲ್ಲಿ
ಹಳೇ ಪತ್ರಿಕೆ ಸುತ್ತಿದ ಒಂದು ಕಾಡ್ ಮೀನು,
ಕೂಸನ್ನು ಎತ್ತಿಕೊಂಡಂತೆ; ತಲೆ ಮಾತ್ರ ಕೆಳಗೆ.

ಊರು ಬೋಟ್ಸ್‌ಫ್ಯೂರ್. ನಾರ್ವೆಯ ನೆತ್ತಿ.
ಇಲ್ಲಿಂದಾಚೆಗೆ ಬರೀ ನೀರು.
ಹೊರಗೆ ಸೊನ್ನೆಗಿಂತ ಹನ್ನೊಂದು ಕೆಳಗೆ,
ಒಳಗೆ ನಾನು ಚಳಿ ಮಾರುತ್ತೇನೆ
ಎರಡು ವರ್ಷದ ಗ್ಯಾರಂಟಿಯ ಮೇಲೆ.
ನಗಬೇಡಿ. ಹೊರಗಿನದು ನೆಚ್ಚುವಂಥ ಚಳಿಯಲ್ಲ:
ಬುಧವಾರ ಬಿಗಿಯುತ್ತದೆ, ಶುಕ್ರವಾರ
ಕಡಲ ಕಡೆಯಿಂದ ಬೆಚ್ಚನೆ ಗಾಳಿ ಬೀಸಿ
ಸೂರೆಲ್ಲ ತೊಟ್ಟಿಕ್ಕುತ್ತದೆ.
ಮೀನಿಗೆ ಬೇಕು ಮಾತಿಗೆ ತಪ್ಪದ ಚಳಿ.

ಬಾಯಿಪಾಠ ಒಪ್ಪಿಸಿದೆ:
ಇದು ನಿಂತಿದ್ದು, ಬೀರುವಿನ ಹಾಗೆ, ಆರು ಖಾನೆ,
ಬೆನ್ನು ಬಗ್ಗಿಸುವಂತಿಲ್ಲ, ಹಿಮ ಕೆರೆಯುವಂತಿಲ್ಲ.
ಇದು ಮಲಗಿದ್ದು, ಪೆಟ್ಟಿಗೆ. ಕರೆಂಟು ಹೋದರೂ
ಒಂದೆರಡು ದಿನ ತಡೆಯುತ್ತದೆ. ತಣ್ಣನೆ ಗಾಳಿ ಭಾರ ನೋಡಿ,
ಮುಚ್ಚಳ ತೆರೆದರೂ ಬಾವಿಯ ನೀರಿನಂತೆ
ತಳದಲ್ಲೇ ಕೂತಿರುತ್ತದೆ.
ಇದು ಇನ್ನೂರು ಲೀಟರು, ಅದು ನಾನೂರು...

‘ಲೀಟರೇ?’ ಅಂದಳು. ‘ಹಾಲು ಹೊಯ್ಯುವುದಕ್ಕೆ ಬಂದೆನೇ ನಾನು?’

ಪತ್ರಿಕೆ ಬಿಚ್ಚಿದಳು.
ನಿಂತಿದ್ದರ ಖಾನೆ ಎಳೆದು ಮೀನನ್ನು ಮಲಗಿಸಿದಳು.
ಬಾಲ ಹೊರಗೆ. ಬಾಗಿಲು ಹಾಕಲಾಗಲಿಲ್ಲ.
‘ಸ್ವಲ್ಪ ಮಡಚಿದರೆ...’ ಅಂದೆ.
‘ನಿನ್ನನ್ನು ಮಡಚಿ ಮಲಗಿಸಲೇ, ಬರುವ ಮಾರ್ಚಿನ ತನಕ?’
ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಮನುಷ್ಯರ ಪಾಡು,
ಆಕೆ ಕೇಳಿದ್ದು ಬಾಲವಿದ್ದಷ್ಟು ಹಾಸಿಗೆ.

ಬೆರಳು ನೆಕ್ಕಿ ಒಳಗಿನ ಫ್ಯಾನಿಗೆ ಹಿಡಿದಳು.
‘ಇದು ಉಸಿರಾಡುತ್ತದೆ. ಮೀನು ಒಣಗಿಸಲು
ನನ್ನ ಹಿತ್ತಲಲ್ಲಿ ಗಳುಗಳಿವೆ, ಗಾಳಿ ಬಿಟ್ಟಿ.
ಇಲ್ಲಿ ಅದು ಒಣಗಕೂಡದು.
ನೀರಲ್ಲಿ ಅದ್ದಿ, ಹೆಪ್ಪುಗಟ್ಟಿಸಿ, ಮತ್ತೆ ಅದ್ದಿ,
ಮೂರು ಸಲ ಮಂಜಿನ ಅಂಗಿ ತೊಡಿಸುತ್ತೇನೆ.
ಅದನ್ನು ನಿನ್ನ ಯಂತ್ರ ನೆಕ್ಕಿಬಿಟ್ಟರೆ?’

ನೆಲದ ಮೇಲೆ ಮೀನಿನ ನೀರು ಹರಿಯುತ್ತಿತ್ತು,
ಇನ್ನೊಬ್ಬ ಗಿರಾಕಿ ಟೋಸ್ಟರು ಇಟ್ಟು ಹೊರಟುಹೋದ.

‘ಮನೆಯಲ್ಲಿ ಎಷ್ಟು ಜನ?’
‘ಒಬ್ಬಳು.’
ಮೂಲೆಯ ಚಿಕ್ಕ ಪೆಟ್ಟಿಗೆ ತೋರಿಸಿದೆ.
ಇಷ್ಟು ಪ್ರಾಮಾಣಿಕನಾದದ್ದು ನನಗೇ ಹಿತವೆನಿಸಿತು.

‘ಬಾಯಿ ಎಣಿಸಬೇಡ, ಮುಚ್ಚಳ ತೆಗೆಯುವ ಕೈ ಎಣಿಸು:
ದೋಣಿ ಮಾರಿಕೊಂಡ ಓಡ್‌ಮುಂಡ್ ಒಬ್ಬ.
ಲಿಥುವೇನಿಯಾದ ಆ ಹುಡುಗಿ, ಡೈವಾ,
ದಿನಕ್ಕೆ ಸಾವಿರ ಮೀನು ಸೀಳುತ್ತಾಳೆ ಕಾರ್ಖಾನೆಯಲ್ಲಿ,
ಮನೆಗೊಂದು ಒಯ್ಯುವಂತಿಲ್ಲ.
ಚರ್ಚಿನ ಗಂಟೆಯವನು, ಅವನ ಬೆಕ್ಕುಗಳು.
ಆಮೇಲೆ ಕೇಳದೆ ಒಯ್ಯುವವನೊಬ್ಬನಿದ್ದ, ಹಿಂದೆ, ಚಿಕ್ಕವನು,
ಕಾರ್ಖಾನೆ ಮುಚ್ಚಿದ ಚಳಿಗಾಲ.
ಒಳ್ಳೆಯದನ್ನೇ ಮೇಲೆ ಇಡುತ್ತಿದ್ದೆ,
ಕತ್ತಲಲ್ಲಿ ಹುಡುಕಾಡಬಾರದಲ್ಲ ಪಾಪ.’

ನಾನು ಬಿಲ್ಲಿನ ಪುಸ್ತಕ ಹುಡುಕಿದೆ.
ಅದು ಕೈಯಲ್ಲೇ ಇತ್ತು.

ನಾನೂರು ಲೀಟರಿನದನ್ನೇ ಕೊಂಡಳು.
ಮೀನು ಅಡ್ಡಡ್ಡ ಮಲಗಿತು ಅದರಲ್ಲಿ, ನೆಟ್ಟಗೆ,
ತಲೆಯ ಕಡೆ ಒಂದು ಗೇಣು ಬಿಟ್ಟು.

ಸಂಜೆ ತಳ್ಳುಗಾಡಿಯಲ್ಲಿ ಸಾಗಿಸಿದೆ,
ಹಡಗುಕಟ್ಟೆಯ ಮೇಲಿನ ಅವಳ ಗುಡಿಸಲಿಗೆ.
ಬೀಗ ಹಾಕಿತ್ತು.
ಅಡುಗೆಮನೆಯ ಕಿಟಕಿ ತೆರೆದು
ಸೌಟು ಹಿಡಿದೇ ಕೂಗಿದಳು:
‘ಬೀಗದ ಕೈ ಇದ್ದಲ್ಲೇ ಇದೆ. ಗೊತ್ತಲ್ಲ ನಿನಗೆ!’

ಇಪ್ಪತ್ತಾರು ವರ್ಷ.
ಬೋರಲು ಹಾಕಿದ ಬಕೆಟ್ಟು ಬದಲಾಗಿತ್ತು,
ಆಗ ತಗಡಿನದು, ಈಗ ನೀಲಿ ಪ್ಲಾಸ್ಟಿಕ್ಕು.
ಕೈ ಮಾತ್ರ, ನಾನು ಯೋಚಿಸುವ ಮೊದಲೇ,
ಅದರಡಿಗೆ ಹೋಗಿತ್ತು.